ಸುಮಿಯ ಅಪ್ಪ

ಕಾಕಾನ ಎಡಗಿವಿಯ ಅಂಚು ಬಿಸಿಲಿಗೆ ಒಣಗಿದ ಎಲೆಯ ಹಾಗೆ ಮುರುಟಿಕೊಂಡಿತ್ತು. ಪಲ್ಟನ್ನಿನಲ್ಲಿದ್ದಾಗ ಪಕ್ಕದಲ್ಲೇ ಏನೋ ಸಿಡಿದು ಹಾಗಾಗಿತ್ತಂತೆ. ಆ ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಯಾರಾದರೂ ಮಾತಾಡಿಸಿದರೆ ಮೊದಲು ಕತ್ತು ಹೊರಳಿಸಿ, ಬಲಗಿವಿಯನ್ನು ಮುಂದೆ ತಂದು, ಕಣ್ಣು ಕಿರಿದು ಮಾಡಿ ನಿಲ್ಲುತ್ತಿದ್ದರು. ಮಾತಾಡುವವರು ಚಾಳಿನ ಮಾಲಕರಾದರೂ ಅಷ್ಟೇ, ಐದು ವರ್ಷದ ಮಗುವಾದರೂ ಅಷ್ಟೇ. ನನ್ನ ಬಾಲ್ಯದಲ್ಲಿ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ ದೊಡ್ಡವರು ಇನ್ನೊಬ್ಬರಿರಲಿಲ್ಲ.

ಐವತ್ತರ ದಶಕದ ಮೊದಲ ವರ್ಷಗಳು. ಮುಂಬಯಿಯ ಮುಲುಂಡ್ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನಮ್ಮ ಚಾಳು. ಮೇಲಿನ ಗ್ಯಾಲರಿಯ ಒಂಬತ್ತು ಖೋಲಿ ಮನೆಗಳಲ್ಲಿ ಕನ್ನಡದವು ಎರಡೇ: ನಮ್ಮದು, ಮತ್ತು ಗೋಡೆಗೆ ಗೋಡೆ ಹತ್ತಿದ ಕಾಕಾನದು. ಎರಡೂ ಮನೆಯವರು ಧಾರವಾಡದ ಕಡೆಯವರು. ಸಂಬಂಧವೇನೂ ಇರಲಿಲ್ಲ. ಆದರೂ ನನ್ನ ಅಪ್ಪ ಅವರನ್ನು ಅಣ್ಣಾ ಎನ್ನುತ್ತಿದ್ದ, ನಾನು ಕಾಕಾ ಎನ್ನುತ್ತಿದ್ದೆ. ಅಪ್ಪನಿಗೆ ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಕಾಕಾ ಪರೇಲಿನ ಕಡೆ ಒಂದು ಬಟ್ಟೆ ಗಿರಣಿಯ ಗೇಟಿನಲ್ಲಿ ಬಂದೂಕು ಹಿಡಿದು ನಿಲ್ಲುವ ಕಾವಲುಗಾರ. ಬಂದೂಕು ಅವರ ಸ್ವಂತದ್ದು, ಲೈಸೆನ್ಸೂ ಅವರ ಹೆಸರಿನದೇ. ಗಿರಣಿಯವರು ಬಂದೂಕಿದ್ದವರನ್ನೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ಆ ಜೋಡುನಳಿಗೆಯ ಬಂದೂಕು ದಿನಾ ಕಾಕಾನ ಜೊತೆ ಲೋಕಲ್ಲಿನಲ್ಲಿ ಹೋಗುತ್ತಿತ್ತು, ಸಂಜೆ ಅವರ ಜೊತೆ ಮನೆಗೆ ಬರುತ್ತಿತ್ತು.

ಅವರಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಬೆಳಿಗ್ಗೆ ಅಪ್ಪ ಟೈ ಕಟ್ಟಿಕೊಳ್ಳುತ್ತಲೇ ಮೆಟ್ಟಿಲಿಳಿದು ಓಡುವಾಗ ಕಾಕಾ ಗ್ಯಾಲರಿಯಲ್ಲಿ ನಿಂತು, “ಸಾವಕಾಶ ಹೋಗೋ ತಮ್ಮಾ, ಈ ಗಾಡಿ ಹ್ವಾದ್ರ ಇನ್ನೊಂದ್ ಬರತೈತಿ” ಎಂದು ಕೂಗುತ್ತಿದ್ದರು. ಅವರು ಮಾತ್ರ ತಮ್ಮ ಗಾಡಿಗೆ ಅರ್ಧ ಗಂಟೆ ಮೊದಲೇ ಹೊರಡುತ್ತಿದ್ದರು. ಸಂಜೆ ಗಿರಣಿಯ ಗೇಟು ಬಿಡುವ ಮೊದಲು ಬಂದೂಕನ್ನು ಮಡಚಿ, ಎರಡೂ ಕಾಡತೂಸು ತೆಗೆದು ಪಟ್ಟಿಯಲ್ಲಿ ಸಿಕ್ಕಿಸಿ, ನಳಿಗೆಯೊಳಗೆ ಕಣ್ಣಿಟ್ಟು ನೋಡಿ, ಆಮೇಲೆ ಹೆಜ್ಜೆ ಕಿತ್ತಿಡುವುದು ರೂಢಿ. ಮನೆಗೆ ಬಂದ ಮೇಲೆ ಬಂದೂಕು ಕಬ್ಬಿಣದ ಟ್ರಂಕಿನೊಳಗೆ.

ಅವರಿಗೆ ಒಬ್ಬಳೇ ಮಗಳು, ಸುಮಿ. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಹುಟ್ಟಿದವಳು. ನನಗಿಂತ ಒಂದು ವರ್ಷ ದೊಡ್ಡವಳು. ಎರಡು ಜಡೆ, ಮುಂದಿನ ಎರಡು ಹಲ್ಲಿನ ನಡುವೆ ಸಂದು. ಆ ಸಂದಿನಿಂದ ಅವಳು ಎಂಥ ಸಿಳ್ಳೆ ಹಾಕುತ್ತಿದ್ದಳೆಂದರೆ ಕೆಳಗಿನ ಹಾಲಿನವನು ತಿರುಗಿ ನೋಡುತ್ತಿದ್ದ. ನಾವಿಬ್ಬರೂ ಒಂದೇ ಮನೆಯ ಮಕ್ಕಳ ಹಾಗಿದ್ದೆವು. ಯಾರ ಮನೆಯಲ್ಲಿ ಮೊದಲು ರೊಟ್ಟಿ ಬೇಯುತ್ತದೋ ಅಲ್ಲಿ ಉಣ್ಣುತ್ತಿದ್ದೆವು.

ಇನ್ನು ಆ ಆಟದ ಮಾತು ಹೇಳಬೇಕು. ಅದನ್ನು ಹೇಳದೆ ಕಾಕಾನ ವಿಷಯ ಬರೆಯಲಾಗುವುದಿಲ್ಲ.

ಭಾನುವಾರ ಕಾಕಾ ಗ್ಯಾಲರಿಯಲ್ಲಿ ಚಾಪೆ ಹಾಸಿಕೊಂಡು ಬಂದೂಕಿಗೆ ಎಣ್ಣೆ ಹಚ್ಚುತ್ತಿದ್ದರು. ಒರೆಸಿ ಮುಗಿಸಿ, ಖಾಲಿ ಇದೆಯೆಂದು ನಮಗೂ ತೋರಿಸಿ, ನಳಿಗೆಯನ್ನು ಟ್ರಂಕಿನ ಮೇಲೆ ಆನಿಸುತ್ತಿದ್ದರು. ಬಂದೂಕಿನ ಕುದುರೆಯನ್ನು, ಗುಂಡಿಗೆ ಬಡಿಯುವ ಆ ಕೊಕ್ಕೆಯನ್ನು, ಹಿಂದಕ್ಕೆಳೆಯಲು ನಮ್ಮಿಬ್ಬರ ಹೆಬ್ಬೆರಳುಗಳೂ ಬೇಕಾಗುತ್ತಿದ್ದವು. ಎಳೆದಾದ ಮೇಲೆ ಒಬ್ಬಳು ಓಡಿಹೋಗಿ ಬಾಗಿಲಲ್ಲಿ ಹುಲಿಯಾಗಿ ನಿಲ್ಲಬೇಕು. ಇನ್ನೊಬ್ಬಳು ಒಂದು ಕಣ್ಣು ಮುಚ್ಚಿ ಗುರಿ ಹಿಡಿಯಬೇಕು. ಕಾಕಾ “ಹೂಂ, ಹೊಡಿ ಹುಲೀನ!” ಎಂದಾಗ ‘ಟಕ್’ ಎನ್ನುತ್ತಿತ್ತು. ಹುಲಿ ನಾಲಗೆ ಹೊರಚಾಚಿ ಬೀಳುತ್ತಿತ್ತು. ಸುಮಿಯಷ್ಟು ಚೆನ್ನಾಗಿ ಸಾಯಲು ನನಗೆ ಬರುತ್ತಿರಲಿಲ್ಲ. ಗ್ಯಾಲರಿಯವರೆಲ್ಲ ನಗುತ್ತಿದ್ದರು. ಅಪ್ಪನಂತೂ ಯಾರಾದರೂ ನೆಂಟರು ಬಂದರೆ, “ಅಣ್ಣಾ, ನಮ್ಮ ಹುಡುಗಿ ಬಂದೂಕ ಹ್ಯಾಂಗ ಹಿಡೀತಾಳ ಸ್ವಲ್ಪ ತೋರ್ಸು” ಎಂದು ಹೆಮ್ಮೆಯಿಂದ ಕರೆದುಕೊಂಡು ಹೋಗುತ್ತಿದ್ದ. ಅವ್ವ ಒಬ್ಬಳೇ ಒಂದೆರಡು ಸಲ, “ಇದೇನ್ ಹೆಣ್ಣ ಹುಡುಗ್ಯಾರ ಆಟರೀ, ನನಗ ನೋಡಾಕ ಆಗೂದಿಲ್ಲ” ಎಂದಿದ್ದಳು. “ಖಾಲಿ ಐತಿ ಬಿಡವಾ” ಎಂದು ಕಾಕಾ ನಕ್ಕಿದ್ದರು.

ಆ ವರ್ಷದ ಮಹಾನವಮಿ. ಮನೆಮನೆಯಲ್ಲಿ ಆಯುಧಗಳಿಗೆ ಖಂಡೆ ಪೂಜೆ. ಕಾಕಾನ ಮನೆಯಲ್ಲಿ ಬಂದೂಕಿಗೆ ಪೂಜೆ ಮಾಡಿ, ಆಮೇಲೆ ಎರಡೂ ಮನೆಯವರು ಕೂಡಿ ಹೋಳಿಗೆ ಊಟ ಮಾಡುವುದು ಪದ್ಧತಿ. ಗಿರಣಿಯಲ್ಲಿಯೂ ಪೂಜೆಯಿತ್ತು. ಮಧ್ಯಾಹ್ನಕ್ಕೇ ರಜೆ ಕೊಟ್ಟರಂತೆ. ತೆಂಗಿನಕಾಯಿ ಒಡೆದು, ಎಲ್ಲರ ಕೈಗೂ ಪೇಡೆಯ ಪುಡಿಕೆ ಕೊಟ್ಟು ಕಳಿಸುವಾಗ ಜೊತೆಯವನೊಬ್ಬ, ಗಾಡಿ ಬಂತು, ಓಡೋಣ ಎಂದನಂತೆ. ಮನೆಯಲ್ಲಿ ಎಲ್ಲರೂ ಹಸಿದು ಕಾಯುತ್ತಿದ್ದಾರೆಂದು ಕಾಕಾ ಅವತ್ತು ಓಡಿದರು. ಕಾಡತೂಸು ತೆಗೆಯಲಿಲ್ಲ. ತೆಗೆದಿದ್ದೇನೆಂದೇ ಅವರು ನಂಬಿದ್ದರು.

ಮನೆಗೆ ಬಂದು ಬಂದೂಕನ್ನು ಮಣೆಯ ಮೇಲಿಟ್ಟು, ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡು ಹೂವಿನ ಸರ ಹಾಕಿ ಆರತಿ ಮಾಡಿದರು. ನಾವೆಲ್ಲ ಕೈಮುಗಿದೆವು. ಸುಮಿಯ ಅವ್ವ, ನಮ್ಮ ಕಾಕು, ಒಲೆಯ ಮುಂದೆ ಹೋಳಿಗೆ ಬೇಯಿಸಲು ಕುಳಿತಳು. ಅವ್ವ ನಮ್ಮ ಮನೆಯಿಂದ ತಾಟು ತರಲು ಹೋದಳು. ಕಾಕಾ ಕೈಕಾಲು ತೊಳೆದು ಬರುತ್ತೇನೆಂದು ಗ್ಯಾಲರಿಯ ಕೊನೆಯ ನಲ್ಲಿಗೆ ಹೋದರು. ಅಪ್ಪ ಗ್ಯಾಲರಿಯಲ್ಲಿ ಪಕ್ಕದ ಖೋಲಿಯವರ ಜೊತೆ ಮಾತಾಡುತ್ತಿದ್ದ. ಒಳಗೆ, ಒಲೆಯ ಕಡೆ ಮುಖ ಮಾಡಿದ್ದ ಕಾಕುವನ್ನು ಬಿಟ್ಟರೆ, ನಾನು, ಸುಮಿ.

“ಇವತ್ತ ನಾ ಹುಲಿ” ಎಂದಳು ಸುಮಿ. ಸರವನ್ನು ಸರಿಸಿ, ನಳಿಗೆಯನ್ನು ಎತ್ತಿ ಟ್ರಂಕಿನ ಮೇಲೆ ಆನಿಸಿದೆವು. ಇಬ್ಬರ ಹೆಬ್ಬೆರಳೂ ಸೇರಿಸಿ ಕುದುರೆ ಎಳೆದೆವು. ಅವಳು ಓಡಿಹೋಗಿ ಬಾಗಿಲಲ್ಲಿ ನಿಂತಳು.

ನನಗೆ ಏಳು ವರ್ಷ. ಅದರ ಮುಂದಿನದನ್ನು ನಾನು ಬರೆಯಲಾರೆ. ಬಂದೂಕು ಹಿಂದಕ್ಕೆ ಒದ್ದ ರಭಸಕ್ಕೆ ನಾನು ಗೋಡೆಗೆ ಹೋಗಿ ಬಿದ್ದೆ, ಹೆಗಲ ಮೂಳೆ ಮುರಿದಿತ್ತು. ಸುಮಿಯನ್ನು ಕಾಕಾ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದರು. ಆಸ್ಪತ್ರೆ ತಲುಪುವ ಮೊದಲೇ ಅವಳು ಹೋಗಿಬಿಟ್ಟಿದ್ದಳು.

ಪೊಲೀಸರು ಬರುವ ಮೊದಲು ನಡೆದ ಮಾತನ್ನು ಅವ್ವ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು. ಅಪ್ಪ ಕಾಕಾನ ಎರಡೂ ಕೈ ಹಿಡಿದುಕೊಂಡು, “ಅಣ್ಣಾ, ಬಂದೂಕ ಮಣಿ ಮ್ಯಾಲಿಂದ ಜಾರಿ ಬಿದ್ದು ತಾನ ಹಾರ್ತು ಅಂತ ಹೇಳೂಣು. ನಿನಗೂ ತ್ರಾಸ ಕಮ್ಮಿ ಆಕ್ಕತಿ, ನನ್ನ ಕೂಸಿನ ಹೆಸರೂ ಬರೂದಿಲ್ಲ” ಎಂದನಂತೆ. ಕಾಕಾನ ಅಂಗಿಯ ಮೇಲೆ ಇನ್ನೂ ಮಗಳ ರಕ್ತವಿತ್ತು. “ಬಂದೂಕ ತಾನ ಹಾರೂದಿಲ್ಲೋ ತಮ್ಮಾ. ಯಾರೋ ಒಬ್ರು ಮೊದಲ ತುಂಬಿರ್ತಾರ” ಎಂದರಂತೆ.

ಹವಾಲ್ದಾರ ಬಂದು ಮರಾಠಿಯಲ್ಲಿ ಕೇಳಿದ. ಕಾಕಾ ಎದ್ದು ನಿಂತು, ಬಲಗಿವಿ ಮುಂದೆ ತಂದು ಕೇಳಿಸಿಕೊಂಡು, ತಮಗೆ ಬಂದ ಮರಾಠಿಯಲ್ಲಿಯೇ ಉತ್ತರ ಕೊಟ್ಟರು. ಅವ್ವ ಅದನ್ನು ನನಗೆ ನಮ್ಮ ಮಾತಿನಲ್ಲಿ ಹೀಗೆ ಹೇಳಿದಳು: “ತುಂಬಿದಾಂವ ನಾನು. ತುಂಬಿದ್ದನ್ನ ಹುಡುಗ್ಯಾರ ಕೈಗೆ ಸಿಗೂವಂಗ ಇಟ್ಟಾಂವ ನಾನು. ಅದು ಆಟದ ಸಾಮಾನು ಅಂತ ಅವರಿಗೆ ಕಲಿಸಿದಾಂವನೂ ನಾನ. ಈ ಮೂರು ಬರಕೋರಿ ಸಾಹೇಬ್ರ. ನಾಕನೇದ್ದು ಏನಾರ ಯಾರಾರ ಹೇಳಿದ್ರ, ಅದು ಸುಳ್ಳ.”

ಹವಾಲ್ದಾರ ಆ ಮೂರನ್ನಷ್ಟೇ ಬರೆದುಕೊಂಡು ಪುಸ್ತಕ ಮುಚ್ಚಿದನಂತೆ. ಅವನಿಗೂ ಮಕ್ಕಳಿದ್ದವೋ ಏನೋ.

ಕೋರ್ಟಿನಲ್ಲಿಯೂ ಕಾಕಾ ತಪ್ಪು ಒಪ್ಪಿಕೊಂಡರು. ಆರು ತಿಂಗಳು ಸಜೆಯಾಯಿತು. ಲೈಸೆನ್ಸ್ ಹೋಯಿತು, ಬಂದೂಕು ಜಪ್ತಿಯಾಯಿತು, ಕೆಲಸವೂ ಹೋಯಿತು. ಕಾಕು ಖೋಲಿಯಲ್ಲಿ ಒಬ್ಬಳೇ ಉಳಿದಳು. ಅವ್ವ ದಿನಾ ಊಟ ಒಯ್ದು ಕೊಡುತ್ತಿದ್ದಳು. ಕಾಕು ಬಾಗಿಲು ತೆಗೆದು ತಾಟು ತೆಗೆದುಕೊಳ್ಳುತ್ತಿದ್ದಳು. ಆದರೆ ಅವ್ವನ ಸೆರಗಿನ ಹಿಂದೆ ನಾನಿದ್ದರೆ ಅವಳ ಕಣ್ಣು ನೆಲಕ್ಕೆ ಹೋಗುತ್ತಿತ್ತು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಮಾತನ್ನೂ ಆಡಲಿಲ್ಲ.

ನಾನೂ ಮಾತು ಬಿಟ್ಟಿದ್ದೆ. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಮಂಚದ ಕೆಳಗೆ ಹೋಗಿ ಸೇರಿಕೊಳ್ಳುತ್ತಿದ್ದೆ. ಅಪ್ಪ ಮನೆ ಖಾಲಿ ಮಾಡಿ ಬೇರೆ ಕಡೆ ಹೋಗಲು ನೋಡಿದ. ಜೈಲಿಗೆ ಭೇಟಿಗೆಂದು ಹೋದಾಗ ಆ ಮಾತು ತೆಗೆದನಂತೆ. “ಬ್ಯಾಡೋ ತಮ್ಮಾ. ನೀವ್ ಹ್ವಾದ್ರ, ಆ ಹುಡುಗಿ ಓಡಿ ಹೋತು ಅಂತಾರ ಮಂದಿ. ಓಡೂವಂಥಾದ್ದು ಆಕಿ ಏನ್ ಮಾಡ್ಯಾಳ?” ಎಂದರಂತೆ ಕಾಕಾ. ನಾವು ಅಲ್ಲೇ ಉಳಿದೆವು.

ಸಜೆ ಮುಗಿಸಿ ಬಂದ ದಿನ ಅವರು ತಮ್ಮ ಮನೆಗೆ ಹೋದವರು, ಸ್ನಾನ ಮಾಡಿ, ನೇರ ನಮ್ಮ ಮನೆಗೆ ಬಂದರು. ದನಿ ಕೇಳಿದ್ದೇ ನಾನು ಮಂಚದ ಕೆಳಗೆ ಹೋದೆ. ಅವರು ನೆಲದ ಮೇಲೆ ಕುಳಿತರು. ಆಮೇಲೆ ಪೂರ್ತಿ ಮಲಗಿಯೇಬಿಟ್ಟರು, ಕೆನ್ನೆಯನ್ನು ಫರಸಿಗೆ ಹಚ್ಚಿ, ನನ್ನ ಮುಖ ಕಾಣುವ ಹಾಗೆ. ಕೂದಲು ಪೂರಾ ಬೆಳ್ಳಗಾಗಿತ್ತು.

“ತಂಗೀ,” ಎಂದರು, “ಹೊರಗ ಬರಬ್ಯಾಡ. ಅಲ್ಲೇ ಇದ್ದು ಕೇಳು. ನೀ ಏನೂ ಮಾಡಿಲ್ಲ. ಮಾಡಿದಾಂವ ನಾನು. ನಿನಗ ಇದು ಈಗ ತಿಳಿಯೂದಿಲ್ಲ. ದೊಡ್ಡಾಕಿ ಆದಂಗ ಮತ್ತ ಮತ್ತ ಅನಸ್ತೈತಿ. ಅನಿಸಿದಾಗೊಮ್ಮೆ ನನ್ನ ಕಡೆ ಬಂದು ಕೇಳು. ಎಷ್ಟ ಸಲ ಕೇಳಿದ್ರೂ ಇದನ್ನ ಹೇಳತೇನಿ.”

ಎಷ್ಟು ಹೊತ್ತು ಹಾಗೆ ಮಲಗಿದ್ದರೋ. ಅವ್ವ ಒಳಗೆ ಅಳುತ್ತಿದ್ದಳು. ಕೊನೆಗೆ ನಾನು ಕೈ ಚಾಚಿ ಅವರ ಆ ಮುರುಟಿದ ಕಿವಿ ಮುಟ್ಟಿದೆ. ಅದು ಬಿಟ್ಟು ಬೇರೇನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಆಮೇಲೆ ಅವರು ಒಂದು ಔಷಧ ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದರು. ನಾನು ಮತ್ತೆ ಶಾಲೆಗೆ ಹೋಗತೊಡಗಿದೆ. ಕನ್ನಡ ಶಾಲೆ ಚಿಕ್ಕದು, ಎಲ್ಲರಿಗೂ ಎಲ್ಲ ಗೊತ್ತು. ಒಂದು ದಿನ ಆಟದ ಬಿಡುವಿನಲ್ಲಿ ಜಗಳವಾಗಿ ಒಬ್ಬ ಹುಡುಗಿ, “ಈಕಿ ಸುಮೀನ ಕೊಂದಾಕಿ, ಈಕಿ ಕೂಡ ಯಾರೂ ಆಡಬ್ಯಾಡ್ರಿ” ಎಂದು ಕೂಗಿದಳು. ಯಾರೂ ಆಡಲಿಲ್ಲ. ಮನೆಗೆ ಬಂದು ನಾನು ಯಾರಿಗೂ ಹೇಳದೆ ಕಾಕಾನ ಬಾಗಿಲಿಗೆ ಹೋಗಿ ನಿಂತೆ. “ಕಾಕಾ, ಸುಮೀನ ನಾ ಕೊಂದೆನ?” ಎಂದು ಕೇಳಿದೆ. ಒಳಗೆ ಕಾಕು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ್ದು ಕೇಳಿಸಿತು. ಕಾಕಾ ಕತ್ತು ಹೊರಳಿಸಿ, ಕಣ್ಣು ಕಿರಿದು ಮಾಡಿ, ಪೂರ್ತಿ ಕೇಳಿಸಿಕೊಂಡು, “ಇಲ್ಲ. ನಾನು” ಎಂದರು. ಆಮೇಲೆ ಯಾರು ಅಂದರು, ಎಲ್ಲಿ ಅಂದರು ಎಂದು ಒಂದೊಂದಾಗಿ ಕೇಳಿದರು.

ಮರುದಿನ ಅವರು ಕೆಲಸಕ್ಕೆ ರಜೆ ಹಾಕಿ, ತೊಳೆದ ಧೋತರ ಉಟ್ಟು, ಟೊಪ್ಪಿಗೆ ಹಾಕಿಕೊಂಡು ಶಾಲೆಗೆ ಬಂದರು. ಶಿಕ್ಷಕಿ ಬಾಯಿಯವರ ಹತ್ತಿರ ಅಪ್ಪಣೆ ಕೇಳಿ ನಮ್ಮ ವರ್ಗದೊಳಗೆ ಬಂದು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬಾಯಿ ತಾವೂ ಎದ್ದು ನಿಂತರು.

“ನಾ ಸುಮೀ ಅಪ್ಪ,” ಎಂದರು. “ಆಕಿ ನಿಮ್ಮ ಶಾಳ್ಯಾಗ ಕಲೀತಿದ್ಲು. ಆಕಿ ಸತ್ತದ್ದು ಯಾರಿಂದ ಅಂತ ನಿಮಗ ಗೊತ್ತಿಲ್ಲ. ಅದಕ್ಕ ಹೇಳಾಕ ಬಂದೇನಿ. ನನ್ನಿಂದ. ಬಂದೂಕ ನಂದು, ಅದರಾಗ ಗುಂಡು ಇಟ್ಟಾಂವ ನಾನು, ಅದನ್ನ ಹಿಡಿದು ಆಡ್ರಿ ಅಂದಾಂವ ನಾನು. ನಿಮ್ಮ ಗೆಳತಿಗೆ ಏನರೆ ಅನ್ನೂದಿದ್ರ, ಮೊದಲ ನನ್ನ ಮನೀಗೆ ಬಂದು ನನಗ ಅನ್ರಿ.”

ಹೊರಡುವ ಮೊದಲು ಇನ್ನೊಂದು ಮಾತು ಕೇಳಿದರು: “ನಿಮ್ಮ ಪೈಕಿ ಯಾರ ಮನ್ಯಾಗರೆ ಬಂದೂಕ ಐತೇನು?”

ಇಬ್ಬರು ಕೈ ಎತ್ತಿದರು. ಒಬ್ಬ ಹುಡುಗನ ಅಪ್ಪನೂ ಕಾವಲುಗಾರ. ಇನ್ನೊಬ್ಬಳು ಗುಡ್ಡದ ಕಡೆ ಬಂಗಲೆಯಲ್ಲಿದ್ದ ಬೆಳಗಾವಿಯ ಒಬ್ಬ ಕಟ್ಟಿಗೆ ಗುತ್ತಿಗೆದಾರರ ಮಗಳು. ಮುಂದಿನ ಭಾನುವಾರ ಕಾಕಾ ಆ ಎರಡೂ ಮನೆಗೆ ಹೊರಟರು. ಕಾವಲುಗಾರನ ಮನೆಯಲ್ಲಿ ಕಷ್ಟವಾಗಲಿಲ್ಲ. ಅವನಿಗೆ ಕಾಕಾ ಯಾರೆಂದು ಗೊತ್ತಿತ್ತು. ಎದ್ದು ಹೋಗಿ ಪೆಟ್ಟಿಗೆಗೆ ಬೀಗ ಹಾಕಿ ತೋರಿಸಿದ. ಗುತ್ತಿಗೆದಾರರ ಬಂಗಲೆಯ ದಾರಿ ನನಗೆ ಗೊತ್ತಿದ್ದರಿಂದ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು.

ಅಲ್ಲಿ ಬೈಠಕ್ ಖೋಲಿಯ ಗೋಡೆಯ ಮೇಲೆ, ಜಿಂಕೆಯ ಕೊಂಬಿನ ಕೆಳಗೆ, ಎರಡು ಮೊಳೆಗಳ ಮೇಲೆ ಬಂದೂಕು ಮಲಗಿತ್ತು. ಗುತ್ತಿಗೆದಾರರು ಕಾಕಾ ಬಂದ ಕಾರಣ ಕೇಳಿ ಮೊದಲು ನಕ್ಕರು, ಆಮೇಲೆ ಸಿಟ್ಟಾದರು. “ಏನ್ರೀ, ಬಂದೂಕ ಹ್ಯಾಂಗ ಇಡಬೇಕಂತ ನನಗ ಕಲಸಾಕ ಬಂದೀರೇನು? ನನ್ನ ಅಜ್ಜನ ಕಾಲದಿಂದ ಐತಿ ನಮ್ಮ ಮನ್ಯಾಗ. ನಿಮ್ಮಂಗ ಎಚ್ಚರ ಇಲ್ಲದ ಮಂದಿ ಅಲ್ಲ ನಾವು.”

ನನಗೆ ಅವರ ಕೈ ಹಿಡಿದು ಎಳೆದುಕೊಂಡು ಹೋಗಿಬಿಡೋಣ ಎನಿಸಿತು. ಕಾಕಾ ತಲೆ ತಗ್ಗಿಸಿ, “ಖರೇ ಐತ್ರೀ. ನನ್ನಂಗ ಆಗಬಾರದು ಅಂತನ ಬಂದೇನಿ. ಒಮ್ಮೆ ತೆರೆದು ನೋಡ್ರಿ, ನಾ ಹೋಗಿ ಬಿಡತೇನಿ” ಎಂದರು. ಗುತ್ತಿಗೆದಾರರು ಬಂದೂಕು ಇಳಿಸಿ ಮಡಚಿ ತೋರಿಸಿದರು. ಖಾಲಿ ಇತ್ತು. “ಸಮಾಧಾನ ಆತೇನು?” ಎಂದರು.

ಅಷ್ಟರಲ್ಲಿ ಅವರ ಮೂರೋ ನಾಲ್ಕೋ ವರ್ಷದ ಕಿರಿಯ ಮಗ ಓಡಿ ಬಂದು, ಅಪ್ಪನ ಕೈಯಲ್ಲಿ ಬಂದೂಕು ಕಂಡದ್ದೇ, ನಳಿಗೆ ಹಿಡಿದು ತನ್ನ ಕಡೆ ಎಳೆದುಕೊಂಡು, ಒಂದು ಕಣ್ಣು ಮುಚ್ಚಿ, “ಢಮ್!” ಎಂದ. ಆಳುಗಳು ನಕ್ಕರು.

ಕಾಕಾನ ಮುಖ ಆಗ ಹೇಗಾಯಿತೆಂದು ನಾನು ನೋಡಿದ್ದೇನೆ. “ಖಾಲಿ ಇದ್ದಾಗನ ರೀ,” ಎಂದರು ಮೆಲ್ಲಗೆ, “ಖಾಲಿ ಇದ್ದಾಗನ ಮಕ್ಕಳು ಆಟ ಕಲಿಯೂದು. ನನ್ನ ಮನ್ಯಾಗೂ ಹಿಂಗ ಎಲ್ಲಾರೂ ನಗತಿದ್ರು.”

ಗುತ್ತಿಗೆದಾರರು ಬಂದೂಕನ್ನು ಮತ್ತೆ ಗೋಡೆಗೆ ಇಟ್ಟರು. ನಾವು ಹೊರಗೆ ಬಂದೆವು. ಆದರೆ ಬಾಗಿಲ ಪರದೆಯ ಹಿಂದೆ ಅವರ ಹೆಂಡತಿ ನಿಂತಿದ್ದದ್ದನ್ನು ನಾನು ನೋಡಿದ್ದೆ. ವಾರದೊಳಗೆ ಅವರ ಮಗಳು ಶಾಲೆಯಲ್ಲಿ ಹೇಳಿದಳು, ಗೋಡೆಯ ಮೇಲೆ ಈಗ ಬರೀ ಮೊಳೆಗಳಿವೆ, ಬಂದೂಕು ಕಪಾಟಿನೊಳಗೆ, ಕೀಲಿ ಅವ್ವನ ಸೆರಗಿನ ಗಂಟಿನಲ್ಲಿ ಎಂದು.

ಆಮೇಲೆ ಎಲ್ಲಿಯಾದರೂ ನಮ್ಮ ಕಡೆಯವರ ಮನೆಯಲ್ಲಿ ಬಂದೂಕಿದೆ ಎಂದು ಕಿವಿಗೆ ಬಿದ್ದರೆ ಕಾಕಾ ಭಾನುವಾರ ಟೊಪ್ಪಿಗೆ ಹಾಕಿಕೊಂಡು ಹೊರಡುತ್ತಿದ್ದರು. ದಾದರಿನಲ್ಲಿ ಗಾಡಿ ಬದಲಿಸಿ ವಿಲೆ ಪಾರ್ಲೆಗೆ ಹೋದದ್ದೂ ಉಂಟು. ಕೆಲವರು ಚಹಾ ಕೊಟ್ಟರು, ಕೆಲವರು ಬಾಗಿಲಿನಿಂದಲೇ ಕಳಿಸಿದರು. “ಮಗಳನ್ನ ಕಳಕೊಂಡು ತಲೆ ಕೆಟ್ಟೈತಿ ಪಾಪ” ಎಂದು ಹಿಂದಿನಿಂದ ಆಡಿಕೊಂಡವರೂ ಇದ್ದರು. ಆ ಮಾತು ಅವರ ಬಲಗಿವಿಗೂ ಬಿದ್ದಿರಬೇಕು. ಹೋಗುವುದನ್ನು ಬಿಡಲಿಲ್ಲ. ಒಂದೆರಡು ಸಲ ಅಪ್ಪನೂ ಜೊತೆಗೆ ಹೋದ. ಅಪ್ಪ ತನ್ನ ಪಾಲಿನ ತಪ್ಪನ್ನು ಬಾಯಿಬಿಟ್ಟು ಯಾರ ಮುಂದೆಯೂ ಹೇಳಲಿಲ್ಲ. ಆದರೆ ಬಂದೂಕು ಹಿಡಿದ ನನ್ನನ್ನು ನೆಂಟರಿಗೆ ತೋರಿಸಿ ನಕ್ಕದ್ದು ಅವನಿಗೆ ಮರೆತಿರಲಿಲ್ಲವೆಂದು ನನಗೆ ಗೊತ್ತು.

ನಾನು ದೊಡ್ಡವಳಾದಂತೆ ಆ ಪ್ರಶ್ನೆ, ಅವರು ಹೇಳಿದ್ದ ಹಾಗೆಯೇ, ಮತ್ತೆ ಮತ್ತೆ ಬಂತು. ಹತ್ತನೆಯ ವರ್ಷಕ್ಕೆ, ಹನ್ನೆರಡಕ್ಕೆ, ಮೈನೆರೆದ ವರ್ಷ, ಸುಮ್ಮನೆ ಒಂದು ಮಧ್ಯಾಹ್ನ ಲೆಕ್ಕ ಮಾಡುತ್ತಾ ಕುಳಿತಿದ್ದಾಗ. ಹೋಗಿ ಕೇಳಿದೆ. ಒಂದು ಸಲವೂ “ಇನ್ನೂ ಅದೇನ?” ಎನ್ನಲಿಲ್ಲ. ಮೊದಲ ಸಲ ಕೇಳಿದಂತೆ ಕೇಳಿಸಿಕೊಂಡು, “ಇಲ್ಲ. ನಾನು” ಎಂದರು. ಒಂದೊಂದು ಸಲ ಹೀಗೆ ಹೇಳುವಾಗ ಅವರಿಗೆ ಏನಾಗುತ್ತಿರಬಹುದೆಂದು ಯೋಚಿಸುವಷ್ಟು ಬುದ್ಧಿ ನನಗೆ ಬಂದದ್ದು ಬಹಳ ತಡವಾಗಿ. ನನ್ನ ಮೇಲಿನ ಭಾರ ಇಳಿಸಲು ಅವರು ಪ್ರತಿಸಲವೂ ಮಗಳ ಸಾವನ್ನು ತಮ್ಮ ಕೈಯಿಂದಲೇ ಮತ್ತೆ ಎತ್ತಿಕೊಳ್ಳಬೇಕಾಗುತ್ತಿತ್ತು.

ನನಗೆ ಹದಿನೈದು ತುಂಬುವ ಹೊತ್ತಿಗೆ ಅವರ ಎದೆ ಕೆಟ್ಟಿತು. ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. ಆಸ್ಪತ್ರೆಯಲ್ಲಿ ಮೂರು ವಾರವಿದ್ದು, ಮನೆಗೇ ಕರೆದುಕೊಂಡು ಹೋಗಿ ಎಂದು ಹಠ ಹಿಡಿದರು. ಮನೆಗೆ ಬಂದ ಎಂಟನೆಯ ದಿನ, ಬೆಳಗಿನ ಹಾಲಿನವನು ಬಂದು ಹೋದ ಮೇಲೆ, ಕಾಕುವಿನ ಕೈಯಿಂದ ಎರಡು ಚಮಚ ನೀರು ಕುಡಿದು ಹೋಗಿಬಿಟ್ಟರು. ಗ್ಯಾಲರಿಯ ಒಂಬತ್ತೂ ಖೋಲಿಯವರು ಅವತ್ತು ಒಲೆ ಹಚ್ಚಲಿಲ್ಲ. ಆ ಕಾವಲುಗಾರ ಬಂದಿದ್ದ. ಗುತ್ತಿಗೆದಾರರ ಹೆಂಡತಿಯೂ ಬಂದು, ಮೆಟ್ಟಿಲ ಹತ್ತಿರವೇ ನಿಂತು, ಕೈಮುಗಿದು ಹೋದಳು.

ದಿನಗಳೆಲ್ಲ ಮುಗಿದ ಮೇಲೆ ಕಾಕುವಿನ ಅಣ್ಣ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ಯಲು ಬಂದ. ಹೊರಡುವ ದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಅವಳ ದನಿ ಕೇಳಿಸಿತು. “ತಂಗೀ, ಸ್ವಲ್ಪ ಬರತೀಯೇನವಾ?” ಎಂದಳು. ಎಂಟು ವರ್ಷದಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ನಾನು ಅವ್ವನ ಮುಖ ನೋಡಿದೆ. ಅವ್ವ ಹೋಗು ಎಂದು ಕಣ್ಣಲ್ಲೇ ಹೇಳಿದಳು.

ಖೋಲಿ ಖಾಲಿಯಾಗಿತ್ತು. ಗಂಟುಗಳನ್ನೆಲ್ಲ ಆಗಲೇ ಕೆಳಗೆ ಒಯ್ದಿದ್ದರು. ಕಾಕು ಬರೀ ನೆಲದ ಮೇಲೆ ಕುಳಿತು, ನನ್ನನ್ನೂ ಕೂಡಿಸಿಕೊಂಡಳು.

“ಅವರು ಹೋಗೂ ಮುಂದ ಒಂದ್ ಮಾತು ಹೇಳಿ ಹೋಗ್ಯಾರ,” ಎಂದಳು. “ಸುಮೀನ ಕಡೀಕೆ ನೋಡಿದಾಕಿ ಆ ಹುಡುಗಿ ಒಬ್ಬಾಕೀನ. ಆಕೀನ ಒಮ್ಮೆಯೂ ಯಾರೂ ಕೇಳಿಲ್ಲ. ನೀ ಕೇಳು, ಆಕೀಗೂ ಹೇಳಬೇಕು ಅಂತ ಇರತೈತಿ, ಅಂದ್ರು.” ಅವಳು ನನ್ನ ಮೊಣಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. “ನಾ ಆವಾಗ ಒಲಿ ಮುಂದ ಇದ್ನೆವಾ. ಈ ಕಡೆ ಬೆನ್ನು ಮಾಡಿ ಕುಂತಿದ್ದೆ. ಹೇಳು, ನನ್ನ ಮಗಳು ಕಡೀಕೆ ಹ್ಯಾಂಗಿದ್ಲು?”

ಪೊಲೀಸರು ಕೇಳದ, ಕೋರ್ಟು ಕೇಳದ, ನನ್ನ ಹೆತ್ತವರೂ ಹೆದರಿ ಕೇಳದ ಮಾತು. ಕೇಳಬೇಕೆಂದು ಹೊಳೆದದ್ದು ಕಾಕಾ ಒಬ್ಬರಿಗೇ, ಅದನ್ನೂ ಅವರು ತಮಗಾಗಿ ಇಟ್ಟುಕೊಳ್ಳಲಿಲ್ಲ.

ಸುಮಿ ಬಾಗಿಲ ಎರಡೂ ಕಡೆ ಕೈ ಊರಿ ನಿಂತಿದ್ದಳು. ತಲೆಯಲ್ಲಿ ಅವತ್ತಿನ ಚೆಂಡು ಹೂವಿತ್ತು. ಹುಲಿಯ ಹಾಗೆ ಹಲ್ಲು ಕಿರಿಯಬೇಕೆಂದು ಮಾಡಿ, ಆಗದೆ, ಬಾಯಿ ಬಿಟ್ಟಿದ್ದಳು.

“ನಗಾಕ ಹತ್ತಿದ್ಲು, ಕಾಕೂ” ಎಂದೆ.

“ನಗತಿದ್ಲಾ?” ಎಂದಳು ಕಾಕು.

“ಹೂಂ. ಭಾಳ ನಗತಿದ್ಲು.”

ಅವಳು ನನ್ನ ತಲೆಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಕೆಳಗಿನಿಂದ ಅವಳ ಅಣ್ಣ ಟಾಂಗಾ ಬಂತೆಂದು ಎರಡು ಸಲ ಕೂಗಿದ. ಅವಳು ಏಳಲಿಲ್ಲ.